ಬೇಲಿ ದಾಟಿದ ಚಿನ್ನಿ

ಜಾಲಿಪುರ ಅಂತ ಒಂದು ರಾಜ್ಯ ಇತ್ತು, ಕೇಳ್ರಪ್ಪಾ. ಅಲ್ಲಿಯ ರಾಜನಿಗೆ ಚಿನ್ನಿದಾಂಡು ಅಂದ್ರೆ ಪ್ರಾಣ. ಊರಲ್ಲಿ ಎರಡೇ ಕೇರಿ, ಮೂಡಲಕೇರಿ, ಪಡುವಲಕೇರಿ. ವರ್ಷಕ್ಕೊಂದು ಸಲ ಇವೆರಡಕ್ಕೂ ಆಟ. ಬಯಲಿನ ಕೊನೆಗೆ ಜಾಲಿಮುಳ್ಳಿನ ಬೇಲಿ. ಚಿನ್ನಿ ಹಾರಿ ಬೇಲಿ ದಾಟಿದ್ರೆ ಆಟ ಗೆದ್ದ ಹಾಗೆ. ದಾಟಿತೋ ಇಲ್ಲವೋ ಅನ್ನೋದರಲ್ಲಿ ಸುಳ್ಳು ಹೇಳಿದವನಿಗೆ ಗಡೀಪಾರು. ಆಟಕ್ಕೆ ಇಂಥಾ ಕಾನೂನು! ಏನು ಮಾಡೋದು, ಮಾಡಿದವನು ರಾಜ.

ಆ ವರ್ಷ ಪಡುವಲಕೇರಿಯ ನೇಕಾರ ದ್ಯಾಮ ದಾಂಡು ಬೀಸಿದ. ಟಣ್! ಚಿನ್ನಿ ಮೇಲಕ್ಕೆ ಹಾರಿ ಬಿಸಿಲಲ್ಲಿ ಮಾಯವಾಯ್ತು.

"ದಾಟಿತು!" ಅಂದ ದ್ಯಾಮ.

ಬೇಲಿ ಹತ್ತಿರ ತೀರ್ಪು ಹೇಳೋಕೆ ನಿಂತಿದ್ದವನು ದಳವಾಯಿ ಬೈಚಪ್ಪ. ಅವನು ಮೂಡಲಕೇರಿಯವನು.

"ದಾಟಲಿಲ್ಲ, ಈಚೆಗೇ ಬಿತ್ತು" ಅಂದ.

"ಹಾಗಾದ್ರೆ ಚಿನ್ನಿ ಎಲ್ಲಿ?"

"ಹದ್ದು ಎತ್ಕೊಂಡು ಹೋಯ್ತು."

ಶುರುವಾಯ್ತು ನೋಡಿ! ಮೊದಲನೇ ದಿನ ಬಾಯಿಗೆ ಬಾಯಿ. ಎರಡನೇ ದಿನ ಕೈಗೆ ಕೈ. ಮೂರನೇ ದಿನ ಒಂದು ಮದುವೆ ಚಪ್ಪರದ ಕೆಳಗೇ ಬೀಗರು "ದಾಟಿತು", "ದಾಟಲಿಲ್ಲ" ಅಂತ ಕಿತ್ತಾಡಿ, ತಾಳಿ ಕಟ್ಟಬೇಕಾದ ಗಂಡು ಬರಿಗೈಲಿ ಮನೆಗೆ ಹೋದ.

ರಾಜ ಸಾಕ್ಷಿ ಕರೆಸಿದ. ಪಡುವಲಕೇರಿಯ ಮುದ್ದಪ್ಪ ಬಂದ. ಅವನಿಗೆ ಎದುರಿಗೆ ನಿಂತ ಎಮ್ಮೆಯೇ ಕಾಣದು. "ದಾಟಿದ್ದನ್ನ ಕಣ್ಣಾರೆ ಕಂಡೆ ಸ್ವಾಮಿ!" ಅಂದ. ಮೂಡಲಕೇರಿಯ ಗೌರಜ್ಜಿ ಬಂದಳು. ಆವತ್ತು ಅವಳು ಊರಲ್ಲೇ ಇರಲಿಲ್ಲ. "ದಾಟಲೇ ಇಲ್ಲ, ನನ್ನ ಕಣ್ಣಾಣೆ!" ಅಂದಳು. ಮೂರನೆಯವನ ಮನೆ ಎರಡು ಕೇರಿಗೂ ನಡುವೆ ಇತ್ತು. ಪಾಪ, ಬೆವರು ಒರೆಸಿಕೊಂಡು "ಅರ್ಧ ದಾಟಿತು ಸ್ವಾಮಿ" ಅಂದ.

ರಾಜನಿಗೆ ತಲೆ ಚಿಟ್ಟು ಹಿಡೀತು. "ದಳವಾಯಿ ಮಾತೇ ಖರೆ. ನಾಳೆ ದ್ಯಾಮ ಊರು ಬಿಡಲಿ" ಅಂದುಬಿಟ್ಟ.

ದ್ಯಾಮನ ಹೆಂಡತಿ ಸಿರಿಯವ್ವ ತುಂಬಿದ ಬಸುರಿ. ಮನೆ ಬಿಟ್ಟು, ಮಗ್ಗ ಬಿಟ್ಟು ಎಲ್ಲಿಗೆ ಹೋಗೋದು? ಸೀದಾ ರಾಜನ ಹತ್ತಿರ ಹೋದಳು. "ಒಂದೇ ಒಂದು ಡಂಗುರ ಸಾರಿಸಿ ಸ್ವಾಮಿ, ನಿಜ ತಾನಾಗೇ ಬಾಯಿ ಬಿಡುತ್ತೆ" ಅಂತ ಮೆಲ್ಲಗೆ ಉಪಾಯ ಹೇಳಿದಳು.

ಬೆಳಗಾಗುತ್ತಲೇ ಡಂಗುರ: "ಬೇಲಿಯಾಚೆ ರಾಣಿಯವರ ನವಿಲಿಗೆ ಪೆಟ್ಟಾಗಿದೆ! ಚಿನ್ನಿ ದಾಟಿದ್ದು ನಿಜವಾದರೆ ಪಡುವಲಕೇರಿಯವರೆಲ್ಲ ವರ್ಷವಿಡೀ ಅರಮನೇಲಿ ಬಿಟ್ಟಿ ಚಾಕರಿ ಮಾಡಬೇಕು!" ನವಿಲು ಆರಾಮಾಗಿ ಕಾಳು ತಿಂತಿತ್ತು, ಆ ಮಾತು ಬಿಡಿ.

ಅಬ್ಬಬ್ಬಾ, ಊರೇ ಅರಮನೆಗೆ ಓಡಿಬಂತು, ಮಾತೇ ಮಗುಚಿಕೊಳ್ತು! "ದಾಟೋದಾ? ಈ ದ್ಯಾಮನ ಸಣಕಲು ಕೈಯಿಂದಾನಾ?" ಅಂತ ಪಡುವಲಕೇರಿಯವರು ನಕ್ಕರು. "ದಾಟಿತು, ನೂರಕ್ಕೆ ನೂರು ದಾಟಿತು!" ಅಂತ ಮೂಡಲಕೇರಿಯವರು ಎದೆ ತಟ್ಟಿಕೊಂಡರು. ಬೈಚಪ್ಪ ಖುಷಿ ತಡೀಲಾರದೆ ಮುಂದೆ ನುಗ್ಗಿ, ನಡುಪಟ್ಟಿಯಿಂದ ಚಿನ್ನಿ ಎಳೆದು ತೋರಿಸಿದ.

"ಇಗೋ ಸ್ವಾಮಿ! ಬೇಲಿಯಾಚೆ ಬಿದ್ದಿದ್ದನ್ನ ನಾನೇ ಕೈಯಾರೆ ಎತ್ಕೊಂಡೆ!"

ರಾಜ ಕೈ ಚಾಚಿ ಚಿನ್ನಿ ಇಸ್ಕೊಂಡ.

"ಹದ್ದು ಯಾವಾಗ ವಾಪಸ್ ತಂದುಕೊಡ್ತು ದಳವಾಯೀ?" ಅಂದ ರಾಜ.

ಬೈಚಪ್ಪ ಆವತ್ತೇ ಗಂಟುಮೂಟೆ ಕಟ್ಟಿ ಊರು ಬಿಟ್ಟ. ಗೆಲುವು ದ್ಯಾಮನಿಗೆ ಬಂತು. ಚಾಕರಿ ಮಾತು ಸುಳ್ಳು ಅಂತ ತಿಳಿದದ್ದೇ ತಡ, ಪಡುವಲಕೇರಿಯವರು ಅವನನ್ನ ಹೆಗಲ ಮೇಲೆ ಹೊತ್ತುಕೊಳ್ಳೋಕೆ ಓಡಿಬಂದರು.

ದ್ಯಾಮ ಹತ್ತಲಿಲ್ಲ. ಅವನಿಗೆ ನಿಜಕ್ಕೂ ನೋವಾಗಿತ್ತು. "ಮೊನ್ನೆ ದಾಟಿತು ಅಂದ್ರಿ, ಇವತ್ತು ಬೆಳಿಗ್ಗೆ ದಾಟಲಿಲ್ಲ ಅಂದ್ರಿ. ನಿಮ್ಮಲ್ಲಿ ಒಬ್ಬರಾದ್ರೂ ನೋಡಿದ್ರಾ?"

ಮುದ್ದಪ್ಪ ಅಂದ, "ನೋಡೋಕೆ ಪುರುಸೊತ್ತೆಲ್ಲಿತ್ತು ಮಾರಾಯ? ನಾವೆಲ್ಲ ಕೂಗ್ತಾ ಇದ್ವಲ್ಲ!"

ಅದಕ್ಕೇ ಮಕ್ಕಳಾ, ನಮ್ಮವರು ಆಡಲಿ, ಬೇರೆಯವರು ಆಡಲಿ, ಕಂಡಿದ್ದರೆ ಕಂಡೆ ಅನ್ನಿ. ಕಾಣದಿದ್ದರೆ ಬಾಯಿ ಮುಚ್ಚಿಕೊಂಡಿರಿ.