ನೂರು ಸುತ್ತು ಹೆಚ್ಚು

"ನಮ್ಮಜ್ಜ ಹಗ್ಗ ಹಿಡಿಸಿ, ಎಂಟು ದಿನ ಬೆವರು ಹರಿಸಿ ಅಳೆಸಿದ ದಾರೀನ ನಾನು ಗಾಡಿಯಲ್ಲಿ ಕೂತು, ಎಲೆಡಿಕೆ ಜಗೀತಾ ಅಳೆದು ತೋರಿಸ್ತೀನಿ!" ಎಂದು ಕಾರೆಗುಡ್ಡದ ಪಾಳೆಗಾರ ಇಮ್ಮಡಿ ದೊಡ್ಡನಾಯಕ ತೊಡೆ ತಟ್ಟಿದ.

ಸಭೆ ಭಲೇ ಎಂದಿತು. ಸಭೆಗೆ ಬೇರೆ ಕೆಲಸವೂ ಇರಲಿಲ್ಲ.

ಆಸ್ಥಾನದ ಗಣಿತಶಿಖಾಮಣಿ ಅಪ್ರಮೇಯ ಶಾಸ್ತ್ರಿಗಳು ಕಣ್ಣು ಮುಚ್ಚಿಯೇ ಲೆಕ್ಕ ಒಪ್ಪಿಸಿದರು. "ಕೋಟೆ ಬಾಗಿಲಿಂದ ಕೆರೆ ಕೋಡಿಗೆ ಹತ್ತು ಸಾವಿರ ಮೊಳ ಅಂತ ಅಜ್ಜನವರೇ ಕಲ್ಲಲ್ಲಿ ಕೆತ್ತಿಸಿದ್ದಾರೆ. ಚಕ್ರದ ಸುತ್ತಳತೆ ಹತ್ತು ಮೊಳ ಇಟ್ಟರೆ ಸಾವಿರ ಸುತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ."

ಕಾರೆಗುಡ್ಡದಲ್ಲಿ ಆಳುವವನ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವೇ ಒಂದು ಮೊಳ. ಪಟ್ಟಕ್ಕೆ ಕೂತ ದಿನವೇ ಹೊಸ ಮೊಳಕೋಲು ಕಡಿಯುವುದು ಪದ್ಧತಿ. ಬಡಗಿ ಕಾಳಾಚಾರಿ ಆ ಕೋಲು ಹಿಡಿದು ಚಕ್ರ ಮಾಡಿ, ಅದರ ಒಂದು ಅರದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದ. ಬಟ್ಟೆ ಕೆಳಗೆ ಬಂದಾಗಲೆಲ್ಲ ಶಾಸ್ತ್ರಿಗಳು ಮಡಕೆಗೆ ಒಂದು ಹುಣಸೆಬೀಜ ಹಾಕಬೇಕು. ನಾಯಕನ ಹಿಂದೆ ಎಲೆಡಿಕೆಯ ಹಡಪ ಹಿಡಿದು ನಿಂಬವ್ವ ಕೂತಳು. ಅವಳು ಬಾಯಿ ಬಿಡುವುದೇ ಅಪರೂಪ. ಹಡಪ ಹಿಡಿದವಳಿಗೂ ಕಣ್ಣಿರುತ್ತದೆ ಎನ್ನುವುದು ಅರಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೆರೆ ಕೋಡಿ ಬಂತು. ಬೀಜ ಎಣಿಸಿದರು. ಸಾವಿರದ ನೂರು!

"ಚಕ್ರ ಚಿಕ್ಕದು," ಎಂದರು ಶಾಸ್ತ್ರಿಗಳು. "ಆಚಾರಿ ಮರ ಕದ್ದಿದ್ದಾನೆ."

"ಅಯ್ಯೋ, ಕೋಲು ಹಿಡಿದೇ ಮಾಡಿದ್ದು ಬುದ್ಧಿ! ಅಳೆದು ನೋಡಿ!"

ಅಳೆದರು. ಹತ್ತು ಮೊಳ, ಕೂದಲೆಳೆಯಷ್ಟೂ ಕಮ್ಮಿಯಿಲ್ಲ.

ಶಾಸ್ತ್ರಿಗಳು ಜಗ್ಗಲಿಲ್ಲ. "ನಿಂತಾಗ ಸರಿಯಿದೆ, ಉರುಳುವಾಗ ಕುಗ್ಗಿದೆ. ಕಳ್ಳ ಚಕ್ರದ ಲಕ್ಷಣವೇ ಅದು."

ತೀರ್ಪಿಗೆ ಇಷ್ಟು ಪಾಂಡಿತ್ಯ ಸಾಕಾಯಿತು. "ನಾಳೆ ಹೊತ್ತು ಮುಳುಗೋದ್ರೊಳಗೆ ಇವನು ಹೆಂಡ್ತಿ ಮಕ್ಕಳ ಸಮೇತ ಗಡಿ ದಾಟಬೇಕು!" ಎಂದ ನಾಯಕ. ಕಾಳಾಚಾರಿ ಕೋಲು ನೆಲಕ್ಕಿಟ್ಟು ಕೈ ಮುಗಿದ.

ನಿಂಬವ್ವ ಅವನನ್ನು ನೋಡಿದಳು. ದಿನಕ್ಕೆ ಇಪ್ಪತ್ತು ಸಲ ನಾಯಕನ ಅಂಗೈಗೆ ಎಲೆ ಇಡುವವಳಿಗೆ ಆ ಕೈ ಎಷ್ಟುದ್ದ ಅಂತ ಗೊತ್ತಿಲ್ಲವೇ? ಅಜ್ಜನ ಮೊಳ ಉದ್ದ, ಮೊಮ್ಮಗನ ಮೊಳ ಗಿಡ್ಡ. ಗಿಡ್ಡ ಮೊಳದ ಚಕ್ರ ಪಾಪ, ನೂರು ಸುತ್ತು ಹೆಚ್ಚು ಉರುಳಿತ್ತು ಅಷ್ಟೆ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ, ಗಡಿ ದಾಟುವ ಗಾಡಿಯಲ್ಲಿ ಅವಳಿಗೂ ಜಾಗ ಮಾಡಬೇಕಾಗುತ್ತಿತ್ತು.

ಮಾರನೆಯ ಬೆಳಗ್ಗೆ ಸಭೆ ಸೇರಿದಾಗ ಅವಳು ಕೆಮ್ಮಿದಳು. "ಬುದ್ಧಿ, ಶಿಕ್ಷೆ ಆಮೇಲಾಗಲಿ. ಮೊದಲು ಮೆರವಣಿಗೆ ಆಗಬೇಕಲ್ಲ?"

"ಯಾವ ಮೆರವಣಿಗೆಯೇ?"

"ಅಜ್ಜನವರ ಕಾಲದಲ್ಲಿ ಆ ದಾರಿ ಹತ್ತು ಸಾವಿರ ಮೊಳ. ತಮ್ಮ ಕಾಲದಲ್ಲಿ ಹನ್ನೊಂದು ಸಾವಿರ. ಕತ್ತಿ ಹಿರಿಯದೆ ಸಾವಿರ ಮೊಳ ರಾಜ್ಯ ಬೆಳೆಸಿದ್ದೀರಿ!"

ಸಭೆ ಮತ್ತೆ ಭಲೇ ಎಂದಿತು. ನಾಯಕನ ಎದೆ ಉಬ್ಬಿತು.

"ಗೋಡೆ ಮೇಲಿರೋ ಅಜ್ಜನವರ ಉಕ್ಕಿನ ಕೈಗವಸು ತೊಟ್ಟೇ ಹೊರಡಬೇಕು ಬುದ್ಧಿ."

ಗವಸು ಇಳಿಸಿದರು. ಮೊಣಕೈಯಿಂದ ಬೆರಳ ತುದಿಯವರೆಗೆ ಅಜ್ಜನ ಅಳತೆಗೇ ಬಡಿದದ್ದು. ನಾಯಕ ಕೈ ತೂರಿಸಿದ. ಮೊಣಕೈ ಸರಿಯಾಗಿ ಕೂತಿತು. ಬೆರಳುಗಳ ಕಡೆ ಮಾತ್ರ ಎರಡು ಬೆರಳಗಲ ಉಕ್ಕು ಖಾಲಿ ಉಳಿದು ಗಲಗಲ ಅಂದಿತು.

ಸಭೆಗೆ ಇದ್ದಕ್ಕಿದ್ದಂತೆ ಸೂರಿನ ಕೆತ್ತನೆ ಬಹಳ ಚೆನ್ನಾಗಿ ಕಂಡಿತು. ಎಲ್ಲರೂ ಮೇಲೆ ನೋಡಿದರು.

ನಾಯಕ ದನಿ ತಗ್ಗಿಸಿದ. "ನಿಂಬೀ, ನಿಜ ಹೇಳು. ಬೆಳೆದದ್ದು ದಾರಿಯೋ, ಇಲ್ಲಾ ನನ್ನ ಕೈಯೇ..."

ನಿಂಬವ್ವ ಎಲೆಗೆ ಸುಣ್ಣ ಸವರಿದಳು. "ಅದು ಆಚಾರಿ ಕೈಲಿದೆ ಬುದ್ಧಿ. ಅವನು ಊರಲ್ಲೇ ಉಳಿದರೆ ಬೆಳೆದದ್ದು ದಾರಿ. ಗಡಿ ದಾಟಿದರೆ, ಆಚೆ ಕಡೆಯವರು 'ಯಾಕಪ್ಪಾ ಓಡಿಸಿದ್ರು?' ಅಂತ ಕೇಳೇ ಕೇಳ್ತಾರೆ."

ನಾಯಕ ಗವಸಿನ ಖಾಲಿ ಬೆರಳುಗಳನ್ನು ನೋಡಿದ. ಆಮೇಲೆ ಕೈಯಲ್ಲಿದ್ದ ಗವಸು ಗಲಗುಟ್ಟುವಷ್ಟು ನಕ್ಕ. ಆಚಾರಿ ಉಳಿದ. ಬೆಳೆದ ರಾಜ್ಯದ ಮಿಕ್ಕ ದಾರಿಗಳನ್ನು ನಡೆದೇ ಅಳೆಯುವ ಗೌರವ ಶಾಸ್ತ್ರಿಗಳ ಪಾಲಾಯಿತು.

"ನಿನಗೇನು ಬೇಕು, ಕೇಳೇ!"

"ನಾಲ್ಕು ಮೊಳ ಮಲ್ಲಿಗೆ ಸಾಕು ಬುದ್ಧಿ," ಎಂದಳು ನಿಂಬವ್ವ, ತಲೆ ತಗ್ಗಿಸಿ. "ಅಜ್ಜನವರ ಕೈಯಳತೆಯಲ್ಲಿ."