ಅಟ್ಟ ಸೇರಿದ ಸಕ್ಕರೆ ಡಬ್ಬಿ

ದೀಪಾವಳಿಯ ಬೆಳಗ್ಗೆ ಶೇಷಪ್ಪನವರ ಅಡುಗೆಮನೆಯ ಅಟ್ಟದ ಮೇಲೆ ಸಕ್ಕರೆ ಡಬ್ಬಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಅದನ್ನು ಅಲ್ಲಿಗೆ ಏರಿಸಿದ್ದರು. ನೆಂಟರ ಕಾಫಿಗಷ್ಟೇ ಅದು ಕೆಳಗಿಳಿಯಬೇಕು ಎಂದು ಮನೆಯಾಕೆ ವಿಶಾಲಾಕ್ಷಮ್ಮನವರ ಕಟ್ಟಪ್ಪಣೆ. ತುಪ್ಪದ ಘಮ ಬಂದಾಗಲೆಲ್ಲ ಡಬ್ಬಿ ಮುಚ್ಚಳ ಅದುರಿಸಿ, "ಸೌಟೇ, ನನ್ನನ್ನು ಕರೆದರೇ?" ಎಂದು ಕೇಳುತ್ತಿತ್ತು.

"ಇಲ್ಲ," ಎಂದಿತು ಬಾಣಲೆಯಲ್ಲಿ ತಿರುಗುತ್ತಿದ್ದ ಸೌಟು. "ಅಮ್ಮನವರು ಬಾದಾಮಿ ಪುಡಿ, ಕೊಬ್ಬರಿ ಹಾಕಿ ಬರ್ಫಿ ಮಾಡುತ್ತಿದ್ದಾರೆ. ಸಿಹಿಗೆ ಯಾವುದೋ ಎಲೆಯ ಪುಡಿಯಂತೆ."

"ನಾನಿಲ್ಲದೆ ಹಬ್ಬವೇ? ಬಾಯಿಗಿಟ್ಟವರು ಥೂ ಅನ್ನುತ್ತಾರೆ, ನೋಡುತ್ತಿರು!"

ಯಾರೂ ಥೂ ಅನ್ನಲಿಲ್ಲ. ಶೇಷಪ್ಪನವರು ಒಂದು ತಿಂದರು, ಚೆನ್ನಾಗಿದೆ ಎಂದು ಇನ್ನೊಂದನ್ನೂ ತಿಂದರು. ಇನ್ನು ತನ್ನನ್ನು ಗುಜರಿಯವನಿಗೆ ಹಾಕುವುದೇ ಸೈ ಎಂದುಕೊಂಡಿತು ಡಬ್ಬಿ.

ಅಷ್ಟರಲ್ಲಿ ಶೇಷಪ್ಪನವರು ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಲೇ ವಿಶಾಲೂ, ಒಂದು ಲೋಟ ಕಾಫಿ ಕೊಡೇ. ಬರ್ಫಿಯಲ್ಲಿ ಹೇಗೂ ಸಕ್ಕರೆ ಇರಲಿಲ್ಲವಲ್ಲ, ಇದಕ್ಕೆ ಎರಡು ಚಮಚ ಸಕ್ಕರೆ ಹಾಕು."

"ನನ್ನ ಕೈಯಿಂದ ಹಾಕಲ್ಲಾರೀ," ಎಂದು ವಿಶಾಲಾಕ್ಷಮ್ಮ ಮುಖ ತಿರುಗಿಸಿದರು. ಶೇಷಪ್ಪನವರು ತಾವೇ ಸ್ಟೂಲು ಎಳೆದು, ಹತ್ತಿ, ಡಬ್ಬಿಯನ್ನು ಇಳಿಸಿಕೊಂಡರು.

"ನೋಡಿದೆಯಾ? ಹಬ್ಬ ನನ್ನನ್ನು ಕರೆಯಿತು!" ಎಂದು ಡಬ್ಬಿ ಬೀಗಿತು.

"ಹಬ್ಬವಲ್ಲ," ಎಂದಿತು ಸೌಟು. "ನಿನ್ನನ್ನು ಬಿಟ್ಟಿದ್ದೇನೆ ಅನ್ನುವ ಜಂಬ ಕರೆಯಿತು."