ಸಗಣಿಹುಳು ಮೂಸಿ ಹೇಳಿದ್ದು

ಮುಸುವ ಕೋತಿ ಮರದ ತುದಿಯಲ್ಲಿ ಕೂತು ಹುಲಿ ಕಂಡರೆ ಕೂಗಬೇಕು, ಕೆಳಗೆ ಜಿಂಕೆಗಳು ನಿಶ್ಚಿಂತೆಯಿಂದ ಮೇಯಬೇಕು. ಅದು ಆ ಕಾಡಿನ ಕಟ್ಟಳೆ. ಮುಸುವ ಕಾವಲಿಗೆ ಏರುವ ಮುನ್ನ ಹಿರಿಯ ಜಿಂಕೆ ದಿನವೂ ಕೇಳುತ್ತಿತ್ತು: "ಈಚಲ ಮರದ ಹೆಂಡದ ಮಡಕೆಗೆ ಬಾಯಿ ಹಾಕಿದೆಯಾ? ಹಾಕಿದ್ದರೆ ಇಲ್ಲಿಂದ ಆಚೆ."

"ಛೆ, ಅದರ ಹತ್ತಿರವೂ ಸುಳಿದಿಲ್ಲ," ಎನ್ನುತ್ತಿತ್ತು ಮುಸುವ.

ಒಂದು ಬೆಳಿಗ್ಗೆ ಹುಲಿ ಬಂತು, ಕೂಗು ಬರಲಿಲ್ಲ. ಹಿರಿಯ ಜಿಂಕೆಯ ಮರಿಯೇ ಹುಲಿಯ ಬಾಯಿಗೆ ಬಿತ್ತು.

ಜಿಂಕೆ ಸಗಣಿಹುಳುವನ್ನು ಕರೆಸಿತು. ಹುಳು ಮರದ ಬುಡದಲ್ಲಿದ್ದ ಮುಸುವನ ಉಚ್ಚೆ ಮೂಸಿ, "ನಿನ್ನೆಯ ಹೆಂಡ, ಅನುಮಾನವೇ ಇಲ್ಲ," ಎಂದಿತು.

"ಹಾಗಾದರೆ ಇನ್ನು ಇವನನ್ನು ಕೇಳುವುದೇ ಬೇಡ. ನಿನ್ನ ಮೂಗೇ ಸಾಕು," ಎಂದಿತು ಜಿಂಕೆ.

"ಸಾಲದು," ಎಂದಿತು ಹುಳು. "ನನಗೆ ತಿಳಿಯುವುದು ನಿನ್ನೆ ಮೊನ್ನೆಯದು ಮಾತ್ರ. ಈಗಷ್ಟೇ ಕುಡಿದದ್ದು ಇನ್ನೂ ಕೆಳಗಿಳಿದಿರುವುದಿಲ್ಲ. ಅದು ಗೊತ್ತಿರುವುದು ಅವನೊಬ್ಬನಿಗೆ. ಆಚೆ ಹಾಕುತ್ತೇನೆ ಎಂದು ಹೆದರಿಸಿ ಕೇಳಿದರೆ ಯಾರು ನಿಜ ಹೇಳುತ್ತಾರೆ?"

ಮರುದಿನ ಜಿಂಕೆ ಮುಸುವನಿಗೆ ಹೇಳಿತು: "ಕುಡಿದಿದ್ದರೆ ಹೇಳಿಬಿಡು. ಆ ದಿನ ಬೇರೆಯವರು ಏರುತ್ತಾರೆ, ನೀನು ನಮ್ಮ ನಡುವೆ ಮಲಗು. ಹುಳು ಹೇಗೂ ಮೂಸುತ್ತಿರುತ್ತದೆ."

ಒಂಬತ್ತು ದಿನ ಮುಸುವ "ಇಲ್ಲ" ಎಂದಿತು, ಹುಳುವೂ ಒಪ್ಪಿತು. ಹತ್ತನೆಯ ಬೆಳಿಗ್ಗೆ ಮುಸುವ ಎರಡು ಕೊಂಬೆ ಏರಿ, ಇಳಿದು ಬಂತು.

"ಈಗ ತಾನೇ ಕುಡಿದು ಬಂದೆ," ಎಂದಿತು.

ಹುಳು ಮರದ ಬುಡ ಮೂಸಿತು. ಏನೂ ವಾಸನೆಯಿರಲಿಲ್ಲ. ಜಿಂಕೆ ಇನ್ನೊಬ್ಬ ಮುಸುವನನ್ನು ಮರ ಹತ್ತಿಸಿತು.